ಕಲಬುರಗಿಯಲ್ಲಿ ಕೂತು ಬಂಗುಡೆ ತಿಂದರೆ ಸಮುದ್ರಕ್ಕೇನು ತೊಂದರೆ?

ತಿನ್ನೋದರಿಂದ ತೊಂದರೆ ಇಲ್ಲ. ಆ ಮೀನನ್ನ ಹೇಗೆ ಹಿಡಿದರು, ಹಿಡಿದಾಗ ಎಷ್ಟು ದೊಡ್ಡದಿತ್ತು ಅನ್ನೋದೇ ವಿಷಯ. ಹೋದ ಭಾನುವಾರ ನಮ್ಮ ಮಾರ್ಕೆಟ್‌ನಲ್ಲಿ ಐಸ್ ಮೇಲೆ ಹರಡಿದ್ದ ಬಂಗುಡೆ ನೋಡಿದೆ, ಒಂದೊಂದೂ ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ಅವು ಒಂದು ಸಲವೂ ಮೊಟ್ಟೆ ಇಟ್ಟಿರಲ್ಲ. ತೊಗರಿಯನ್ನ ಹೂ ಬಿಡೋ ಮೊದಲೇ ಬೇರು ಸಮೇತ ಕಿತ್ತ ಹಾಗೆ, ಅಲ್ವಾ? ಕೇರಳದಲ್ಲಿ 2015ರಲ್ಲೇ ಇದಕ್ಕೆ ನಿಯಮ ಮಾಡಿದ್ದಾರೆ: ಬಂಗುಡೆ 14 ಸೆಂಟಿಮೀಟರ್, ಬೂತಾಯಿ 10 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ.

ಇನ್ನು ಹಿಡಿಯೋ ರೀತಿ. ಟ್ರಾಲ್ ಬೋಟು ಭಾರ ಕಟ್ಟಿದ ಬಲೆಯನ್ನ ಸಮುದ್ರದ ತಳದವರೆಗೆ ಇಳಿಸಿ ಗಂಟೆಗಟ್ಟಲೆ ಎಳೆಯುತ್ತೆ, ಸಿಗಡಿಗೆ ಅಂತ ಹೋದರೂ ಏಡಿ, ಶಂಖ, ಮರಿಮೀನು ಎಲ್ಲಾ ಬಲೆಗೆ ಬೀಳುತ್ತೆ, ಆ ಮರಿಗಳಲ್ಲಿ ತುಂಬಾ ಪಾಲು ಮೀನಿನ ಪುಡಿ ಮಾಡೋ ಕಾರ್ಖಾನೆಗೆ ಹೋಗಿ ಸಾಕಿದ ಸಿಗಡಿ, ಕೋಳಿಗಳ ಮೇವಾಗುತ್ತೆ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯೋ ಬುಲ್ ಟ್ರಾಲಿಂಗ್, ಎಲ್‌ಇಡಿ ಲೈಟ್ ಹಾಕಿ ಮೀನು ಸೆಳೆಯೋದು, ಎರಡನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ಯಂತ್ರದ ಬೋಟುಗಳಿಗೆ ರಜೆ. ಆಗ ನೀವೂ ಕೆರೆಯಲ್ಲಿ ಸಾಕಿದ ರೋಹು, ಕಾಟ್ಲಾ ತಗೊಳ್ಳಿ. ಉಳಿದ ದಿನ ಅಂಗಡಿಯಲ್ಲಿ ಸುಮ್ನೆ ಇಷ್ಟು ಹೇಳಿ: "ಅಣ್ಣಾ, ಈ ಮರಿ ಬ್ಯಾಡ್ರಿ, ದೊಡ್ಡದಿದ್ರ ಕೊಡ್ರಿ." ನಾಲ್ಕು ಜನ ಹೀಗೆ ಕೇಳಿದರೆ ಅವರೂ ಮಾಲು ತರಿಸುವಾಗ ನೋಡಿ ತರಿಸ್ತಾರೆ.