ಕೈ ಕಟ್ಟಿ ನಿಲ್ಲಲಾಗದ ಮೇಡಂ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 36. ವೈದ್ಯಕೀಯ ಕಾಲೇಜೊಂದರ ಅರಿವಳಿಕೆ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಡಿಗೆ ಮೂರು, ಸೀನಿಯರ್ ರೆಸಿಡೆನ್ಸಿ ಒಂದು. ಅಷ್ಟನ್ನು ದಾಟಿ ಬಂದವರು, ಸಲಹೆಗೆಂದು ನನ್ನೆದುರು ಕೂತು, "ನನಗೆ ಕಲಿಸಲು ಬರುವುದಿಲ್ಲ. ರಾಜೀನಾಮೆ ಬರೆದಿಟ್ಟಿದ್ದೇನೆ. ನರ್ಸಿಂಗ್ ಹೋಮ್‌ಗಳವರು ಕರೆದಾಗ ಹೋಗಿ ದುಡಿಯುತ್ತೇನೆ" ಎಂದರು.

ಕೆದಕಿದಾಗ ಹೊರಬಂದದ್ದು ಬೇರೆ. ಎಂಟು ತಿಂಗಳ ಹಿಂದೆ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಯೊಬ್ಬ, ಅರಿವಳಿಕೆ ಪಡೆದ ರೋಗಿಯ ಉಸಿರಾಟಕ್ಕೆಂದು ಹಾಕಿದ ಟ್ಯೂಬ್ ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋಗಿತ್ತು. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ಪರದೆಯಲ್ಲಿ ಅಲೆ ಏಳಲಿಲ್ಲ. ಇವರು ತಕ್ಷಣ ಅದನ್ನು ತೆಗೆದು, ಮಾಸ್ಕ್‌ನಲ್ಲಿ ಆಮ್ಲಜನಕ ಕೊಟ್ಟು, ತಾವೇ ಮತ್ತೆ ಹಾಕಿದರು. ರೋಗಿಗೆ ಏನೂ ಆಗಲಿಲ್ಲ. ಆದರೆ ರಕ್ತದ ಆಮ್ಲಜನಕ ಇಳಿದಂತೆ ಆಕ್ಸಿಮೀಟರಿನ ಶ್ರುತಿಯೂ ಇಳಿಯುತ್ತದೆ. ಆ ಇಳಿಯುವ ಸದ್ದು ಇವರ ಕಿವಿಯಲ್ಲೇ ಉಳಿಯಿತು. ಅಂದಿನಿಂದ ವಿದ್ಯಾರ್ಥಿಯ ಕೈ ತುಸು ತಡವರಿಸಿದರೂ ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡಿ ಟ್ಯೂಬ್ ಹಾಕಲು ಬಳಸುವ ಉಪಕರಣ) ಕಿತ್ತುಕೊಳ್ಳುತ್ತಾರೆ. "ಮೇಡಂ ಇದ್ದ ದಿನ ನಮಗೆ ನೋಡುವುದಷ್ಟೇ ಕೆಲಸ" ಎಂಬ ಪಿಜಿಗಳ ಮಾತು ಅವರಿಗೂ ತಲುಪಿದೆ.

ಆ ದಿನದ ಬಗ್ಗೆ ಅವರು ಯಾರೊಂದಿಗೂ ಬಾಯಿ ಬಿಟ್ಟಿರಲಿಲ್ಲ. ರೋಗಿ ಬದುಕಿದ ಮೇಲೆ ಹೇಳಿಕೊಳ್ಳಲು ಏನಿದೆ ಎಂಬ ಭಾವ. ವೈದ್ಯರಲ್ಲಿ ಈ ಮಾತನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ, ಒಮ್ಮೆಯೂ ಒಪ್ಪಿಲ್ಲ.

ರಾಜೀನಾಮೆ ಮೂರು ತಿಂಗಳು ಮೇಜಿನ ಖಾನೆಯಲ್ಲೇ ಇರಲಿ, ರಾತ್ರಿ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆಯಂತೂ ಅದನ್ನು ಮುಟ್ಟಬೇಡಿ ಎಂದೆ. ರೋಗಿಗೆ ಅರಿವಳಿಕೆ ಮದ್ದು ಕೊಡುವ ಮೊದಲೇ, ಆಮ್ಲಜನಕ ಎಷ್ಟಕ್ಕೆ ಇಳಿದರೆ ನೀವು ಕೈ ಹಾಕುತ್ತೀರಿ ಎಂದು ವಿದ್ಯಾರ್ಥಿಗೆ ಹೇಳಿಬಿಡಿ. ಅಂಕಿಯನ್ನು ನೀವೇ ಗೊತ್ತುಮಾಡಿ, ಅದು ನನ್ನ ಕಸುಬಲ್ಲ ಎಂದೆ. "94" ಎಂದರು, ಒಂದು ಕ್ಷಣವೂ ಯೋಚಿಸದೆ. ಮೊದಲೇ ಚೆನ್ನಾಗಿ ಆಮ್ಲಜನಕ ಉಸಿರಾಡಿಸಿದ್ದರೆ ಆರೋಗ್ಯವಂತ ವಯಸ್ಕರಲ್ಲಿ ಉಸಿರು ನಿಂತ ಮೇಲೂ ಆಮ್ಲಜನಕ ಇಳಿಯುವ ಮೊದಲು ಕೆಲವು ನಿಮಿಷಗಳ ಬಿಡುವು ಸಿಗುತ್ತದೆ ಎಂದು ನನಗೆ ತಿಳಿಸಿಕೊಟ್ಟವರೂ ಅವರೇ. ಕಲಿಸಲು ಬಾರದವರ ಮಾತಿನಂತೆ ಅದು ಕೇಳಿಸಲಿಲ್ಲ. ಕಷ್ಟದ ಪ್ರಕರಣಗಳಲ್ಲಿ ವಿಡಿಯೊ ಲ್ಯಾರಿಂಗೋಸ್ಕೋಪ್ ಬಳಸಿದರೆ ಇಬ್ಬರಿಗೂ ಒಂದೇ ಪರದೆ ಕಾಣುತ್ತದೆ ಎಂಬ ಉಪಾಯವೂ ಅವರದೇ.

ನಿದ್ದೆ ಕೆಟ್ಟಿದ್ದರಿಂದ ಮನೋವೈದ್ಯರನ್ನು ಕಾಣಲು ಹೇಳಿದೆ. "ನಮ್ಮ ಕಾಲೇಜಿನವರೇ ಆಗಿಬಿಡುತ್ತಾರಲ್ಲ" ಎಂದು ಹಿಂಜರಿದರು. ಬೇರೆ ಊರಿನ ಒಬ್ಬರನ್ನು ಸೂಚಿಸಿದೆ. ಆ ವಿದ್ಯಾರ್ಥಿಯೊಂದಿಗೆ ಒಮ್ಮೆ ಮಾತನಾಡಲೂ ಕೇಳಿಕೊಂಡೆ.

ನಾಲ್ಕನೇ ಭೇಟಿಯ ಹೊತ್ತಿಗೆ ಮಾತನಾಡಿದ್ದರು. ಅವನೂ ಕೋರ್ಸ್ ಬಿಡಲು ಹೊರಟಿದ್ದನಂತೆ. "ಮೊನ್ನೆ ಅವನೇ ಟ್ಯೂಬ್ ಹಾಕಿದ. 96ಕ್ಕೆ ಇಳಿಯಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ, ಉಗುರು ಅಂಗೈಗೆ ನಾಟಿತ್ತು" ಎಂದು ಬಲಗೈ ಬಿಡಿಸಿ ತೋರಿಸಿದರು.