ಮೇಲ್‌ನಲ್ಲಿ ಕನ್ನಡದ ಬದಲು ಕಸ: ಫಾಂಟ್ ಬದಲಿಸಿದರೆ ಸಾಕೇ?

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮ ಸೀರೆ ಅಂಗಡಿ ಇದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಹಾಕಿಕೊಂಡು ಮೇಲ್ ನೋಡುತ್ತೇವೆ. ಕನ್ನಡದ ಮೇಲ್‌ಗಳು ಕೆಲವು ಸರಿಯಾಗಿ ಕಾಣುತ್ತವೆ, ಕೆಲವು ಬರೀ ಇಂಗ್ಲಿಷ್ ಕಸ. ಸೊಲ್ಲಾಪುರದ ಗಿರಾಕಿಗಳ ಮರಾಠಿ ಮೇಲ್ ಓದಬಹುದು, ಆದರೆ ಅಕ್ಷರ ತೀರಾ ಸಣ್ಣದು. ನುಡಿ ಫಾಂಟ್ ಹಾಕಿದರೂ ಕಸ ಹೋಗಲಿಲ್ಲ. ಏನು ಮಾಡಲಿ?

ಉತ್ತರ: ಸೆಟ್ಟಿಂಗಿಗೆ ಕೈ ಹಾಕುವ ಮುಂಚೆ ಕಸ ಯಾವ ಥರದ್ದು ಅಂತ ನೋಡಿ. ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಖಾಲಿ ಚೌಕಗಳು ಕಾಣುತ್ತವೆ. ನಿಮಗೆ ಕಾಣುತ್ತಿರುವುದು ಇಂಗ್ಲಿಷ್ ಅಕ್ಷರ. ಅದರಲ್ಲಿ ಎರಡು ಬಗೆ.

ತಲೆ ಮೇಲೆ ಓರೆ ಗೀಟಿರುವ ಇಂಗ್ಲಿಷಿನ ಸಣ್ಣ 'ಎ' (à) ಪದೇ ಪದೇ ಬರುತ್ತಿದೆಯಾ? ಹಾಗಾದರೆ ಮೇಲ್ ಯೂನಿಕೋಡ್‌ನಲ್ಲೇ (ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ) ಇದೆ, ಪ್ರೋಗ್ರಾಮ್ ಅದನ್ನು ತಪ್ಪಾಗಿ ಓದುತ್ತಿದೆ. ಯೂನಿಕೋಡನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಎನ್‌ಕೋಡಿಂಗ್ (ಬರೆದಿಡುವ ವಿಧಾನ) ಪ್ರಕಾರ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ (ಕಂಪ್ಯೂಟರಿನ ಜಾಗದ ಅಳತೆ) ಬೇಕು, ಮೊದಲ ಬೈಟ್ ಎಲ್ಲಕ್ಕೂ ಒಂದೇ. ಅದೇ ಈ 'ಎ' ಆಗಿ ಕಾಣುವುದು. ಆಲ್ಟ್ ಕೀ ಒತ್ತಿದರೆ ಮೇಲೆ ಮೆನು ಬರುತ್ತದೆ. ವ್ಯೂ ಒಳಗೆ 'ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್' ಒತ್ತಿ. ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಗೀಟಿರುವುದು ದೊಡ್ಡ 'ಎ' (À) ಆಗಿದ್ದು, ನಡುನಡುವೆ ಪೌಂಡ್ ಗುರುತು (£), ದೊಡ್ಡ 'ಪಿ' (P) ಇದ್ದರೆ ಅದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನ ಬರವಣಿಗೆ. ಅಲ್ಲಿ 'ಪಿ' ಅಂದರೆ ಕಕಾರ, ಪೌಂಡ್ ಅಂದರೆ ನಕಾರ, ಆ ದೊಡ್ಡ 'ಎ' ನಮ್ಮ ತಲೆಕಟ್ಟು! ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್. ಹಾಗಾಗಿ ಎನ್‌ಕೋಡಿಂಗ್ ಎಷ್ಟು ಬದಲಿಸಿದರೂ ಉಪಯೋಗವಿಲ್ಲ. ನೀವು ಫಾಂಟ್ ಹಾಕಿದರೂ ಕಾಣದಿರುವುದಕ್ಕೆ ಕಾರಣವಿದೆ: ಸಾದಾ ಟೆಕ್ಸ್ಟ್ ಮೇಲ್‌ನಲ್ಲಿ ಫಾಂಟಿನ ಹೆಸರು ಜೊತೆಗೆ ಬರುವುದಿಲ್ಲ. ಅದನ್ನು ಕಾಪಿ ಮಾಡಿ ವರ್ಡ್‌ಗೆ ಹಾಕಿ, ನುಡಿ ಫಾಂಟ್ ಕೊಡಿ, ಓದಬಹುದು. ಜಾಸ್ತಿ ಮೇಲ್ ಇದ್ದರೆ, ಇಂಥ ಹಳೆ ಫಾಂಟಿನ ಬರವಣಿಗೆಯನ್ನು (ಇದಕ್ಕೇ 'ಆಸ್ಕಿ' ಅನ್ನುವುದು) ಯೂನಿಕೋಡ್‌ಗೆ ಬದಲಿಸುವ ನುಡಿಯ ಆಸ್ಕಿ-ಯೂನಿಕೋಡ್ ಪರಿವರ್ತಕ ಬಳಸಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಸುಮ್ನೆ ಒದ್ದಾಡಬೇಡಿ. ಅಕ್ಷರ ದಾರಿಯಲ್ಲೇ ಅಳಿಸಿಹೋಗಿರುತ್ತದೆ. ಇನ್ನೊಮ್ಮೆ ಕಳಿಸಲು ಹೇಳಿ.

ಇನ್ನು ಮರಾಠಿ. ಸೆಟ್ಟಿಂಗ್ಸ್, ಜನರಲ್, ಅಲ್ಲಿ ಫಾಂಟ್ ಆಯ್ಕೆಯ ಪಕ್ಕದ 'ಅಡ್ವಾನ್ಸ್ಡ್' ಒತ್ತಿ. 'ಫಾಂಟ್ಸ್ ಫಾರ್' ಪಟ್ಟಿಯಲ್ಲಿ ದೇವನಾಗರಿ ಆರಿಸಿ ಅಳತೆ ಹೆಚ್ಚಿಸಿ. ಕನ್ನಡಕ್ಕೆ ಅದೇ ಪಟ್ಟಿಯಲ್ಲಿ ಬೇರೆ ಆಯ್ಕೆ ಇದೆ. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗದು. ಎಷ್ಟೋ ಜನ ಇಲ್ಲೇ ಎಡವುವುದು. ಅಷ್ಟಕ್ಕೂ ಅಕ್ಷರ ದೊಡ್ಡದಾಗದಿದ್ದರೆ ಅದೇ ಪಟ್ಟಿಯ 'ಅದರ್ ರೈಟಿಂಗ್ ಸಿಸ್ಟಮ್ಸ್' ಆರಿಸಿ ಅಲ್ಲೂ ಅಳತೆ ಹೆಚ್ಚಿಸಿ. ನಿರ್ಮಲಾ ಯುಐ ಫಾಂಟ್ ವಿಂಡೋಸ್ 8ರಿಂದ ಈಚೆಗೆ ಜೊತೆಗೇ ಬರುತ್ತದೆ, ಎರಡೂ ಲಿಪಿಗೆ ಆಗುತ್ತದೆ.

ತೋಪ ತೆನಿ ಸೆರಗಿನ ಸೀರೆಗೆ ಆರ್ಡರ್ ಬಂದು, ಬಣ್ಣದ ಹೆಸರು ಕಸದಲ್ಲಿ ಕಳೆದುಹೋದರೆ ನಷ್ಟ ನಿಮಗೇ ಅಲ್ವಾ? ಹಳೆ ಫಾಂಟಿನಲ್ಲಿ ಬರೆಯುವ ಗಿರಾಕಿಗೆ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಮಾಡಿ ಟೈಪ್ ಮಾಡಲು ಹೇಳಿ. ಕೀಬೋರ್ಡ್ ಅದೇ ಇರುತ್ತದೆ, ಹೊಸದಾಗಿ ಕಲಿಯುವಂಥದ್ದೇನೂ ಇಲ್ಲ.