ಕುತ್ತಿಗೆಗೆ ಸಿವಿಪಿ ಲೈನ್ ಹಾಕಲು ಸ್ಕ್ಯಾನ್ ಯಂತ್ರ ಏಕೆ ತರುತ್ತಾರೆ?

ಪಡುಬಿದ್ರಿ ಬಳಿ ಬೈಕ್ ಅಪಘಾತವಾದ ನಿಮ್ಮ ಭಾವ ಮಂಗಳೂರಿನ ಐಸಿಯುನಲ್ಲಿದ್ದಾರೆ. ಕೈಗೆ ಎರಡು ಡ್ರಿಪ್ ಹಾಕಿದ್ದರೂ ಕುತ್ತಿಗೆಗೆ ಸಿವಿಪಿ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಇಳಿಸುವ ಉದ್ದ ಕೊಳವೆ) ಹಾಕಲು ಸಹಿ ಕೇಳುತ್ತಿದ್ದಾರೆ, ಅಲ್ಟ್ರಾಸೌಂಡ್ ಸ್ಕ್ಯಾನ್ ಯಂತ್ರವನ್ನೂ ತಂದಿಟ್ಟಿದ್ದಾರೆ, ಇದೆಲ್ಲ ಬೇಕೇ ಎಂದು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಅರಿವಳಿಕೆ ವೈದ್ಯೆ. ಐಸಿಯು ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಯಿತು. ಯಂತ್ರ ಬಂದಿದೆ ಎಂದು ಓದಿ ನನಗೆ ಸಮಾಧಾನವೇ ಆಯಿತು.

ರಕ್ತವನ್ನು ಬೇಗ ಕೊಡಲು ಕೈಯ ದಪ್ಪ ಸೂಜಿಯೇ ಮೇಲು. ಕುತ್ತಿಗೆಯ ಉದ್ದ ಕೊಳವೆಯಲ್ಲಿ ಹರಿವು ನಿಧಾನ. ಆದರೆ ಬಿಪಿ ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್ ಕೈಯ ಸಣ್ಣ ರಕ್ತನಾಳದಿಂದ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಕೊಳೆಯಬಹುದು. ದಿನಗಟ್ಟಲೆ ಅದನ್ನು ಕೊಡಬೇಕಾದಾಗ ಹೃದಯದ ಹತ್ತಿರದ ದೊಡ್ಡ ಅಭಿಧಮನಿಯೇ, ಅಂದರೆ ಹೃದಯಕ್ಕೆ ರಕ್ತ ಮರಳಿ ತರುವ ನಾಳವೇ, ಬೇಕು.

ಇನ್ನು ಯಂತ್ರದ ವಿಚಾರ. ನಾನು ಕಲಿಯುವಾಗ ಕುತ್ತಿಗೆಯ ಸ್ನಾಯುಗಳನ್ನು ಬೆರಳಿನಿಂದ ಮುಟ್ಟಿ, ಅಂದಾಜಿನಿಂದ ಸೂಜಿ ಹಾಕುತ್ತಿದ್ದೆವು. ರೋಗಿಯ ತಲೆಯನ್ನು ಒಂದು ಬದಿಗೆ ತಿರುಗಿಸಿ, ತಲೆಯ ಕಡೆ ಮಂಚವನ್ನು ಇಳಿಸಿದರೆ ಅಭಿಧಮನಿ ಉಬ್ಬುತ್ತದೆ. ಅಪಘಾತದ ರೋಗಿಗೆ ಇವೆರಡೂ ಆಗದು. ಕತ್ತಿನ ಮೂಳೆ ಮುರಿದಿರಬಹುದೆಂದು ಕಾಲರ್ ಹಾಕಿರುತ್ತಾರೆ, ತಲೆ ತಿರುಗಿಸುವಂತಿಲ್ಲ. ತಲೆಗೆ ಪೆಟ್ಟಾಗಿದ್ದರೆ ಮಿದುಳಿನ ಒತ್ತಡ ಏರುತ್ತದೆ, ಮಂಚ ಇಳಿಸುವಂತಿಲ್ಲ. ರಕ್ತ ಹೋಗಿ ಅಭಿಧಮನಿಯೇ ಚಪ್ಪಟೆಯಾಗಿರುತ್ತದೆ.

ಹಿಂದೆ ಬೇರೊಂದು ಊರಿನಲ್ಲಿ, ಮರದಿಂದ ಬಿದ್ದ ಒಬ್ಬರಿಗೆ ನಾನು ಹೀಗೆಯೇ ಅಂದಾಜಿನಿಂದ ಸೂಜಿ ಹಾಕಿದ್ದೆ. ಕೆಂಪು ರಕ್ತ ಚಿಮ್ಮಿತು. ಸೂಜಿ ಪಕ್ಕದ ಅಪಧಮನಿಗೆ, ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೆ, ಚುಚ್ಚಿತ್ತು. ಸೂಜಿ ತೆಗೆದು ಒತ್ತಿ ಹಿಡಿದು ನಿಂತ ಆ ನಿಮಿಷಗಳು ನನಗೆ ಇಂದಿಗೂ ನೆನಪಿವೆ. ಅವರು ಉಳಿದರು. ಆದರೆ ಕುತ್ತಿಗೆ ಊದಿ, ಆ ಬದಿ ಮತ್ತೆ ಉಪಯೋಗಕ್ಕೆ ಬರಲಿಲ್ಲ.

ಈಗ ಸ್ಕ್ಯಾನ್ ಯಂತ್ರದ ಪರದೆಯ ಮೇಲೆ ಈ ಎರಡು ನಾಳಗಳು ಎರಡು ಕಪ್ಪು ವೃತ್ತಗಳಾಗಿ ಕಾಣುತ್ತವೆ. ಕುತ್ತಿಗೆಯ ಮೇಲಿಡುವ ಯಂತ್ರದ ಹಿಡಿಯಿಂದ (ಪ್ರೋಬ್) ಮೆಲ್ಲಗೆ ಒತ್ತಿದರೆ ಒಂದು ಮುಚ್ಚಿಹೋಗುತ್ತದೆ, ಅದು ಅಭಿಧಮನಿ. ಇನ್ನೊಂದು ದುಂಡಗೇ ಉಳಿದು ಮಿಡಿಯುತ್ತದೆ, ಅದು ಅಪಧಮನಿ. ಕಾಲರ್‌ನ ಮುಂಭಾಗ ತೆಗೆದು, ಒಬ್ಬರು ತಲೆಯನ್ನು ಅಲುಗದಂತೆ ಹಿಡಿದುಕೊಂಡರೆ ಕೆಲಸ ಸಾಗುತ್ತದೆ. ಹಾಗೆಂದು ಯಂತ್ರವಿದ್ದರೆ ಎಲ್ಲವೂ ಸಲೀಸು ಎಂದು ನಾನು ಹೇಳಲಾರೆ. ಪರದೆಯಲ್ಲಿ ಕಾಣುವುದು ಒಂದು ತೆಳು ಪದರ ಮಾತ್ರ. ಸೂಜಿಯ ನಡುಭಾಗವನ್ನೇ ತುದಿಯೆಂದು ತಿಳಿದರೆ, ನಿಜವಾದ ತುದಿ ಅಭಿಧಮನಿಯ ಹಿಂದಿನ ಗೋಡೆಯನ್ನು ದಾಟಿ ಹೋಗಿರುತ್ತದೆ. ಅದಕ್ಕೇ ಕಿರಿಯರಿಗೆ ನಾನು ಹೇಳುವುದು: ಸೂಜಿಯೊಳಗಿಂದ ಬಿಟ್ಟ ತೆಳು ತಂತಿ (ಗೈಡ್‌ವೈರ್) ಅಭಿಧಮನಿಯೊಳಗೇ ಇರುವುದನ್ನು ಪರದೆಯಲ್ಲಿ ಕಾಣುವವರೆಗೂ ದಾರಿ ಅಗಲಿಸುವ ಡೈಲೇಟರ್ ಮುಟ್ಟಬೇಡಿ. ಸೂಜಿಯ ತೂತು ಒತ್ತಿದರೆ ಸಾಮಾನ್ಯವಾಗಿ ಮುಚ್ಚುತ್ತದೆ. ಅಪಧಮನಿಗೆ ಡೈಲೇಟರ್ ಹೋದರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಯಂತ್ರದ ಪಕ್ಕದಲ್ಲಿ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಕಂಡು ಗಾಬರಿಯಾಗಬೇಡಿ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯ ಪ್ರಕಾರ ಐಸಿಯುನ ಸ್ಕ್ಯಾನ್ ಯಂತ್ರವೂ ನೋಂದಣಿಯಾಗಿರಬೇಕು.

ಬಿಲ್ಲಿನ ಬಗ್ಗೆ ನೇರವಾಗಿ ಅವರನ್ನೇ ಕೇಳಿ, ಅದು ನಿಮ್ಮ ಹಕ್ಕು. ಪಕ್ಕೆಲುಬು ಮುರಿದು ಒಂದು ಬದಿಗೆ ಎದೆಯ ಟ್ಯೂಬ್ ಹಾಕಿದ್ದರೆ, ಲೈನ್ ಯಾವ ಬದಿಗೆ ಎಂದೂ ಕೇಳಿ. ಸಾಮಾನ್ಯವಾಗಿ ಅದೇ ಬದಿಯನ್ನು ಆರಿಸುತ್ತೇವೆ. ಇನ್ನೊಂದು ಶ್ವಾಸಕೋಶಕ್ಕೆ ಅಪಾಯ ತರಬಾರದಲ್ಲ. ಸಹಿ ಹಾಕಿ. ಆಮೇಲೆ ಪ್ರತಿದಿನ ಬೆಳಿಗ್ಗೆ ವೈದ್ಯರು ಸಿಕ್ಕಾಗ, ‘ಲೈನ್ ಇವತ್ತೂ ಬೇಕೇ, ತೆಗೆಯಬಹುದೇ?’ ಎಂದು ವಿಚಾರಿಸಿ. ದಿನ ಕಳೆದಂತೆ ಅದರಿಂದ ಸೋಂಕಿನ ಭಯ ಹೆಚ್ಚುತ್ತದೆ. ಹಾಗೆ ಕೇಳುವ ಮನೆಯವರಿದ್ದರೆ ನಮಗೂ ನೆನಪಾಗುತ್ತದೆ.